ಗ್ರೀನ್ ಡೇ ಮೂವರ ಮೊದಲ ರೆಕಾರ್ಡುಗಳು, 1989–1991: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಗ್ರೀನ್ ಡೇ ತಂಡ ಲೋಕಕ್ಕೆಲ್ಲ ಗೊತ್ತಾಗುವ ಮುಂಚೆ ಲುಕೌಟ್ ಎಂಬ ಪುಟ್ಟ ಸ್ವತಂತ್ರ ಕಂಪನಿಗೆ ಕೆಲವು ರೆಕಾರ್ಡು ಮಾಡಿಕೊಟ್ಟಿತ್ತು. ಅವುಗಳ ಬಗ್ಗೆ ನಾನು ಎಲ್ಲಿ ಮಾತು ತೆಗೆದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ: ನೆಂಟರ ಮನೆಯ ಊಟದ ಹೊತ್ತಿನಲ್ಲಿ, ಗೆಳೆಯರ ಪತ್ರಗಳಲ್ಲಿ, ಗಿಟಾರ್ ಕಲಿಯುವ ಹುಡುಗರ ಫೋನಿನಲ್ಲಿ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಿಕೊಳ್ಳಿ.

## ಹೊಸದಾಗಿ ಕೇಳುವವರಿಗೆ

ಪಾಪ್-ಪಂಕ್ ಅಂದ್ರೆ ಏನು? ಪಂಕ್ ಅಂದ್ರೆ ಬರೀ ಕಿರುಚಾಟ ಅಲ್ವಾ?

ಪಂಕ್‌ನಲ್ಲಿ ಕಿರುಚಾಟ ಇದೆ, ಆದರೆ ರಾಗವೂ ಮೊದಲ ದಿನದಿಂದಲೇ ಇದೆ. ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಮ್ ಬಂದದ್ದು 1976ರಲ್ಲಿ. ಅರ್ಧ ಗಂಟೆಯೊಳಗೆ 14 ಹಾಡು. ಗಿಟಾರಿನ ಅಬ್ಬರವನ್ನು ಪಕ್ಕಕ್ಕೆ ಸರಿಸಿದರೆ ಅಡಿಯಲ್ಲಿ 1960ರ ದಶಕದ ರೇಡಿಯೋ ಹಾಡುಗಳ ಸಿಹಿ ಸಿಗುತ್ತದೆ. ಇಂಗ್ಲೆಂಡಿನ ಬಜ್‌ಕಾಕ್ಸ್ ಕೂಡ ಇದೇ ದಾರಿ ಹಿಡಿದವರು. 1980ರ ದಶಕದಲ್ಲಿ ಅಮೆರಿಕದ ಪಂಕ್ ಇನ್ನೂ ಬಿರುಸಾಯಿತು, ಸಿಟ್ಟು ಹೆಚ್ಚಿತು, ರಾಗ ತೆಳ್ಳಗಾಯಿತು. ಆ ಬಿರುಸನ್ನು ಬಿಡದೆ ರಾಗವನ್ನು ಮತ್ತೆ ಒಳಗೆ ಕರೆದುಕೊಂಡವರ ಸಂಗೀತಕ್ಕೆ ಪಾಪ್-ಪಂಕ್ ಎನ್ನುತ್ತಾರೆ.

ನಾನು ಇಟ್ಟುಕೊಂಡಿರುವ ಪರೀಕ್ಷೆ ಸುಲಭದ್ದು. ವಾದ್ಯವೇ ಇಲ್ಲದೆ ಆ ಹಾಡನ್ನು ಗುನುಗಿ ನೋಡಿ. ರಾಗ ತನ್ನಷ್ಟಕ್ಕೆ ನಿಂತರೆ ಅದು ಪಾಪ್-ಪಂಕ್. ಒಮ್ಮೆ ತೆಂಗಿನಕಾಯಿ ತುರಿಯುತ್ತ ಇವರ ‘ಪೇಪರ್ ಲ್ಯಾಂಟರ್ನ್ಸ್’ ಗುನುಗುತ್ತಿದ್ದೆ. ಅಮ್ಮ ಒಳಗೆ ಬಂದವರು “ಚೆನ್ನಾಗಿದೆ, ಯಾವ ಸಿನಿಮಾದ್ದೋ?” ಎಂದರು.

ಈ ಮೂವರು ಯಾರು? ಎಲ್ಲಿಯವರು?

ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಹಾಡು ಮತ್ತು ಗಿಟಾರ್, ಮೈಕ್ ಡರ್ನ್ಟ್ ಬೇಸ್ ಗಿಟಾರ್ ಮತ್ತು ಜೊತೆದನಿ. ಇಬ್ಬರೂ 1972ರಲ್ಲಿ ಹುಟ್ಟಿದವರು, ಹತ್ತು ವರ್ಷದ ಹುಡುಗರಾಗಿದ್ದಾಗ ಶಾಲೆಯಲ್ಲಿ ಗೆಳೆಯರಾದವರು. ಬಿಲ್ಲಿ ಜೋನ ಊರು ರೋಡಿಯೋ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ, ತೈಲ ಸಂಸ್ಕರಣಾಗಾರದ ಕೊಳವೆಗಳ ಪಕ್ಕದ ಸಣ್ಣ ಊರು. ಅಪ್ಪ ಲಾರಿ ಓಡಿಸುತ್ತ ಜಾಝ್ ಡ್ರಮ್ಸ್ ನುಡಿಸುತ್ತಿದ್ದರು; 1982ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮ್ಮ ಹೋಟೆಲೊಂದರಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. 1987ರಲ್ಲಿ ‘ಸ್ವೀಟ್ ಚಿಲ್ಡ್ರನ್’ ಎಂಬ ಹೆಸರಿನಲ್ಲಿ ಹುಡುಗರು ಮೊದಲ ಬಾರಿ ಜನರೆದುರು ನುಡಿಸಿದ್ದು ವಲೇಹೋ ಊರಿನಲ್ಲಿದ್ದ ಅದೇ ಹೋಟೆಲಿನಲ್ಲಿ.

ಡ್ರಮ್ಸ್‌ಗೆ ಈ ರೆಕಾರ್ಡುಗಳಲ್ಲಿ ಮೊದಲು ಇದ್ದವರು ವಯಸ್ಸಿನಲ್ಲಿ ಇವರಿಗಿಂತ ಸ್ವಲ್ಪ ದೊಡ್ಡವರಾದ ಜಾನ್ ಕಿಫ್‌ಮೇಯರ್. ಅವರು 1990ರಲ್ಲಿ ಓದಲು ಹೊರಟ ಮೇಲೆ ಟ್ರೇ ಕೂಲ್ ಬಂದ. ಅಂದರೆ ಒಟ್ಟು ನಾಲ್ವರು, ಆದರೆ ಒಂದು ಹೊತ್ತಿಗೆ ಮೂವರೇ.

‘ಸ್ವತಂತ್ರ’ ಅಂತೀರಲ್ಲ, ಯಾರಿಂದ ಸ್ವತಂತ್ರ?

ದೊಡ್ಡ ರೆಕಾರ್ಡ್ ಕಂಪನಿಗಳಿಂದ. ಲುಕೌಟ್ ಶುರುವಾದದ್ದು 1987ರಲ್ಲಿ. ಲ್ಯಾರಿ ಲಿವರ್ಮೋರ್ ಮತ್ತು ಡೇವಿಡ್ ಹೇಯ್ಸ್ ಸೇರಿ ಕಟ್ಟಿದ್ದು. ಮುಂಗಡದ ಲಕ್ಷಗಳಿಲ್ಲ, ರೇಡಿಯೋದವರ ಹಿಂದೆ ಬೀಳುವ ಏಜೆಂಟರಿಲ್ಲ, ಹಾಡನ್ನು ಹೀಗೆ ತಿದ್ದಿ ಎನ್ನುವವರಿಲ್ಲ. ಕೆಲಸ ಮಾಡುವವರೂ ಹುಡುಗರೇ: ಗ್ರೀನ್ ಡೇಯ 1991ರ ಆಲ್ಬಮ್ ‘ಕರ್‌ಪ್ಲಂಕ್’ ಮುಖಪುಟದ ಚಿತ್ರ ಬರೆದ ಕ್ರಿಸ್ ಆಪೆಲ್‌ಗ್ರೆನ್ ಹೈಸ್ಕೂಲು ವಯಸ್ಸಿನಲ್ಲೇ ಆ ಕಂಪನಿಯ ಕೆಲಸಕ್ಕೆ ಕೈ ಹಚ್ಚಿದವರು.

ಲಿವರ್ಮೋರ್ ಇವರನ್ನು ಕಂಡ ಬಗೆಯನ್ನು ತಾವೇ ಹಲವು ಸಲ ಹೇಳಿದ್ದಾರೆ. ಮೆಂಡೊಸಿನೋ ಕೌಂಟಿಯ ಬೆಟ್ಟದ ಮೇಲೊಂದು ಮನೆ, ಕರೆಂಟಿಲ್ಲ, ಜನರೇಟರು, ಮೋಂಬತ್ತಿ, ಕೇಳಲು ಬಂದವರು ಐದಾರು ಹುಡುಗರು. ಸಾವಿರಾರು ಜನರ ಮುಂದೆ ನಿಂತವರ ಹಾಗೆ ಈ ಹುಡುಗರು ನುಡಿಸಿದರಂತೆ. ರೆಕಾರ್ಡು ಮಾಡಿಸುತ್ತೇನೆಂದು ಅವರು ಅಲ್ಲೇ ತೀರ್ಮಾನಿಸಿದರು.

ಒಂದೇ ಒಂದು ಆಲ್ಬಮ್ ಹೇಳಿ, ಎಲ್ಲಿಂದ ಶುರು ಮಾಡ್ಲಿ?

‘ಕರ್‌ಪ್ಲಂಕ್’, 1991. ಹನ್ನೆರಡು ಹಾಡು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಮೊದಲ ಹಾಡು ‘2000 ಲೈಟ್ ಇಯರ್ಸ್ ಅವೇ’ಯ ಪಲ್ಲವಿ ಬರುವ ಹೊತ್ತಿಗೆ ನಿಮಗೆ ಇದು ಹಿಡಿಸುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಹಿಡಿಸಿದರೆ ಹಿಂದಕ್ಕೆ, 1990ರ ‘39/ಸ್ಮೂತ್’ಗೆ ಹೋಗಿ. ಎಲ್ಲರೂ ಬಲ್ಲ ಇವರ 1994ರ ಆಲ್ಬಮ್ ‘ಡೂಕಿ’ಯನ್ನು ಮೊದಲೇ ಕೇಳಿದ್ದರೆ ಒಂದು ವಾರ ಅದನ್ನು ದೂರ ಇಡಿ. ಇಲ್ಲದಿದ್ದರೆ ಈ ಹಳೆಯವೆಲ್ಲ ಅದರ ಕರಡುಪ್ರತಿಯಂತೆ ಕೇಳಿಸುತ್ತವೆ, ಮತ್ತು ಅವು ಕರಡುಪ್ರತಿಗಳಲ್ಲ.

1,039 ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ಅದು ಇವರ ಒಂದು ಸಿ.ಡಿ.ಯ ಹೆಸರಿನಲ್ಲಿರುವ ಸಂಖ್ಯೆ, ಕೂಡಿಸಿದ್ದು. 1989ರಲ್ಲಿ ‘1,000 ಅವರ್ಸ್’ ಎಂಬ ನಾಲ್ಕು ಹಾಡಿನ ಪುಟ್ಟ ರೆಕಾರ್ಡು ಬಂತು, 1990ರಲ್ಲಿ ‘39/ಸ್ಮೂತ್’ ಮತ್ತು ನಾಲ್ಕು ಹಾಡಿನ ‘ಸ್ಲ್ಯಾಪಿ’. ಮೂರನ್ನೂ ಒಂದೇ ಸಿ.ಡಿ.ಗೆ ಹಾಕಿದಾಗ ಹೆಸರುಗಳನ್ನೂ ಕಲಸಿಬಿಟ್ಟರು: ‘1,039/ಸ್ಮೂತ್ಡ್ ಔಟ್ ಸ್ಲ್ಯಾಪಿ ಅವರ್ಸ್’.

ನನ್ನ ಮಗಳಿಗೆ 13 ವರ್ಷ. ಕೇಳಿಸಬಹುದೇ? ತಂಡದ ಹೆಸರಿಗೇ ಏನೋ ಕೆಟ್ಟ ಅರ್ಥ ಇದೆಯಂತೆ.

ಇದೆ. ಗಾಂಜಾ ಸೇದುತ್ತ ಕಳೆದ ದಿನಕ್ಕೆ ಆ ಹುಡುಗರ ಬಳಗದಲ್ಲಿ ಇದ್ದ ಮಾತು ಅದು. ಅದೇ ಹೆಸರಿನ ಹಾಡೂ ಇದೆ. ಹೆಸರು ಬದಲಾದದ್ದಕ್ಕೆ ಬೇರೆ ಕಾರಣ, ‘ಸ್ವೀಟ್ ಬೇಬಿ’ ಎಂಬ ಇನ್ನೊಂದು ತಂಡ ಅಲ್ಲೇ ಇದ್ದುದರಿಂದ ಜನಕ್ಕೆ ಗೊಂದಲವಾಗುತ್ತಿತ್ತು. ‘ಕರ್‌ಪ್ಲಂಕ್’ ನಡುವೆ ಟ್ರೇ ಕೂಲ್ ಹಳ್ಳಿಗಾಡಿನ ಧಾಟಿಯಲ್ಲಿ ಹಾಡುವ ‘ಡಾಮಿನೇಟೆಡ್ ಲವ್ ಸ್ಲೇವ್’ ದೊಡ್ಡವರ ಪೋಲಿ ಹಾಡು. ಅದನ್ನು ದಾಟಿಸಿ ಮುಂದೆ ಹೋಗಿ. ಉಳಿದ ಬಹುಪಾಲು ಹಾಡುಗಳು ನಿಮ್ಮ ಮಗಳ ವಯಸ್ಸಿನವರ ಅಳುಕು, ಬೇಸರ, ಗೆಳೆತನಗಳ ಬಗ್ಗೆಯೇ ಇವೆ. ಪಕ್ಕದಲ್ಲಿ ಕೂತು ಕೇಳಿಸುವುದಾದರೆ ನನ್ನ ಮಟ್ಟಿಗೆ ಹಿಂಜರಿಕೆಯಿಲ್ಲ.

## ಕಿವಿಗೆ ಬೀಳುವುದರ ಬಗ್ಗೆ

ಮೂರ ಮಂದಿ ಅದಾರ, ಆದ್ರ ಸದ್ದು ಇಷ್ಟ ತುಂಬಿ ಹೆಂಗ ಬರತೈತ್ರಿ?

ಧಾರವಾಡದ ಗೆಳೆಯರೊಬ್ಬರು ಕೇಳಿದ್ದು ಇದು, ನನಗೆ ಅತ್ಯಂತ ಇಷ್ಟದ ಪ್ರಶ್ನೆಯೂ ಇದೇ. ನಮ್ಮ ಸಂಗೀತ ಕೇಳಿದ ಕಿವಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ.

ಒಟ್ಟಿಗೆ ಮಿಡಿಯುವ ಸ್ವರಗಳ ಗುಚ್ಛಕ್ಕೆ ಕಾರ್ಡ್ ಎನ್ನುತ್ತಾರೆ. ಬಿಲ್ಲಿ ಜೋ ಗಿಟಾರಿನಲ್ಲಿ ಬಹುಪಾಲು ಹಿಡಿಯುವುದು ಪವರ್ ಕಾರ್ಡ್. ಅದರಲ್ಲಿರುವುದು ಎರಡೇ ಸ್ವರ: ಒಂದು ಷಡ್ಜ, ಅದರ ಪಂಚಮ, ಬೇಕಾದರೆ ಮೇಲಿನ ಷಡ್ಜ. ಗಾಂಧಾರ ಇಲ್ಲ. ನಮ್ಮ ತಂಬೂರಿಯಲ್ಲಿ ಮಿಡಿಯುವುದೂ ಪ-ಸ-ಸ-ಸ ತಾನೇ? ವ್ಯತ್ಯಾಸವೆಂದರೆ ತಂಬೂರಿ ಒಂದೇ ಶ್ರುತಿಯಲ್ಲಿ ಕೂತಿರುತ್ತದೆ, ಇಲ್ಲಿ ಅಡಿಯ ಷಡ್ಜವೇ ಸೆಕೆಂಡಿಗೊಮ್ಮೆ ಜಾಗ ಬದಲಿಸುತ್ತ ಓಡುತ್ತದೆ. ಹಾಡು ನಗುತ್ತಿದೆಯೋ ಅಳುತ್ತಿದೆಯೋ ಎಂದು ತೀರ್ಮಾನಿಸುವ ಗಾಂಧಾರವನ್ನು ಗಿಟಾರು ಖಾಲಿ ಬಿಟ್ಟಿರುವುದರಿಂದ ಅದನ್ನು ತುಂಬಬೇಕಾದವರು ಹಾಡುಗಾರ ಮತ್ತು ಬೇಸ್. ದನಿ ಆ ಖಾಲಿ ಜಾಗಕ್ಕೆ ಬಂದು ಕೂರುತ್ತದೆ. ಗಿಟಾರ್ ಎಷ್ಟೇ ಅಬ್ಬರಿಸಿದರೂ ರಾಗ ಮುಚ್ಚಿಹೋಗದಿರುವುದಕ್ಕೆ ಇದು ಒಂದು ಕಾರಣ.

ಇನ್ನು ಮೈಕ್ ಡರ್ನ್ಟ್. ಎರಡನೆಯ ಗಿಟಾರ್ ಇಲ್ಲದ ತಂಡದಲ್ಲಿ ಬೇಸ್ ಬರೀ ಅಡಿಸ್ವರ ಕುಟ್ಟುತ್ತ ನಿಂತರೆ ಮನೆ ಅರ್ಧ ಖಾಲಿ. ಅವನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಮೆಟ್ಟಿಲು ಕಟ್ಟಿಕೊಂಡು ನಡೆಯುತ್ತಾನೆ. ‘ಕರ್‌ಪ್ಲಂಕ್’ನ ‘ನೋ ಒನ್ ನೋಸ್’ ಹಾಡಿನ ಮೊದಲ ಕೆಲವು ಸೆಕೆಂಡು ಕೇಳಿ. ಬೇಸ್ ಒಂದೇ ಹಾಡುತ್ತದೆ, ಹಾಡುತ್ತದೆ ಎಂದೇ ಹೇಳಬೇಕು, ನಿಧಾನವಾಗಿ, ಯಾರಿಗೂ ಕಾಯದೆ. ಆ ಮೇಲೆ ಉಳಿದವರು ಬರುತ್ತಾರೆ.

ಮೂರನೆಯದು ಜೊತೆದನಿ. ಪಲ್ಲವಿಯಲ್ಲಿ ಮೈಕ್ ಇನ್ನೊಂದು ಸ್ವರ ಹಿಡಿದು ಸೇರಿಕೊಂಡಾಗ ಎರಡು ಗಂಟಲು ಸೇರಿ ಆ ಬಿಟ್ಟುಹೋದ ಗಾಂಧಾರದ ಸುತ್ತ ಒಂದು ಪುಟ್ಟ ಕಾರ್ಡ್ ಕಟ್ಟುತ್ತವೆ. ಮೂರು ವಾದ್ಯ, ಎರಡು ಕಂಠ. ಯಾರೊಬ್ಬರು ಅರೆಕ್ಷಣ ಸುಮ್ಮನಾದರೂ ಗೊತ್ತಾಗುತ್ತದೆ. ಮರೆಯಲ್ಲಿ ನಿಲ್ಲಲು ಯಾರಿಗೂ ಜಾಗವಿಲ್ಲ. ಈ ರೆಕಾರ್ಡುಗಳ ಸೆಳೆತ ಏನು ಎಂದು ಯಾರಾದರೂ ಒಂದೇ ಮಾತಿನಲ್ಲಿ ಕೇಳಿದರೆ ನಾನು ತೋರಿಸುವುದು ಇದನ್ನೇ: ಮೂವರೂ ಪೂರ್ತಿ ಕಾಣಿಸಿಕೊಂಡಿದ್ದಾರೆ, ತಪ್ಪಿನ ಸಮೇತ.

ಗಿಟಾರ್ ಕಲೀತಾ ಇದ್ದೀನಿ ಸರ್. ಮೂರು ಕಾರ್ಡ್ ಗೊತ್ತಿದ್ರೆ ಇವನ್ನೆಲ್ಲ ನುಡಿಸಬಹುದಾ?

ಎಡಗೈಗೆ ಒಂದು ವಾರ ಸಾಕು. ಕಷ್ಟ ಇರುವುದು ಬಲಗೈಯಲ್ಲಿ. ತಂತಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಮೀಟುತ್ತ, ಅಂಗೈಯ ಅಂಚನ್ನು ಬ್ರಿಜ್ ಹತ್ತಿರ ಒತ್ತಿ ಸದ್ದನ್ನು ಅದುಮಿ, ಪಲ್ಲವಿ ಬಂದಾಗ ಕೈ ಎತ್ತಿ ಒಮ್ಮೆಲೇ ಬಿಡಬೇಕು. ಅದುಮುವುದು, ಬಿಡುವುದು. ಹಾಡಿನ ಉಸಿರೆಲ್ಲ ಅಲ್ಲಿದೆ. ಎರಡು ನಿಮಿಷ ವೇಗ ಇಳಿಯದ ಹಾಗೆ ಮಾಡಿ ನೋಡಿ, ಮುಂಗೈ ಉರಿಯುತ್ತದೆ. ಉರಿದರೆ ನಿಲ್ಲಿಸಿ, ನಾಳೆ ಮಾಡಿ. ಮೆಟ್ರೊನೋಮ್ ಇಟ್ಟುಕೊಂಡು ನಿಧಾನದಿಂದ ಏರಿಸಿ.

ವಾದ್ಯದ ಬಗ್ಗೆ ಚಿಂತೆ ಬೇಡ. ಬಿಲ್ಲಿ ಜೋನ ನೀಲಿ ಗಿಟಾರು ಫರ್ನಾಂಡಿಸ್ ಎಂಬ ಜಪಾನಿ ಕಂಪನಿಯದು, ಸ್ಟ್ರಾಟೋಕ್ಯಾಸ್ಟರ್‌ನ ನಕಲು. ಅಮ್ಮ ಅವನ ಮೇಷ್ಟರಿಂದ ಸೆಕೆಂಡ್‌ಹ್ಯಾಂಡ್ ಕೊಂಡುಕೊಟ್ಟಿದ್ದರು. ಮೈತುಂಬ ಸ್ಟಿಕರ್ ಅಂಟಿಸಿದ ಆ ಗಿಟಾರು ‘ಬ್ಲೂ’ ಎಂಬ ಹೆಸರಲ್ಲಿ ಇಂದಿಗೂ ಅವನ ಹತ್ತಿರ ಇದೆ.

ರೆಕಾರ್ಡಿಂಗ್ ಯಾಕೆ ಇಷ್ಟು ಒರಟು? ನನ್ನ ಸ್ಪೀಕರ್ ಕೆಟ್ಟಿದೆಯಾ ಅಂದ್ಕೊಂಡೆ.

ಸ್ಪೀಕರ್ ಸರಿಯಾಗಿದೆ. ‘39/ಸ್ಮೂತ್’ ರೆಕಾರ್ಡಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಆರ್ಟ್ ಆಫ್ ಇಯರ್ಸ್ ಸ್ಟುಡಿಯೋದಲ್ಲಿ, 1989ರ ಡಿಸೆಂಬರ್ ಕೊನೆ ಮತ್ತು 1990ರ ಜನವರಿ ಮೊದಲ ದಿನಗಳಲ್ಲಿ, ಆ್ಯಂಡಿ ಅರ್ನ್‌ಸ್ಟ್ ಕೈಯಲ್ಲಿ. ಶಾಲೆಗೆ ರಜೆ ಇದ್ದ ಕೆಲವೇ ದಿನ, ಖರ್ಚು 700 ಡಾಲರಿಗೂ ಕಡಿಮೆ. ಅಷ್ಟು ಹಣದಲ್ಲಿ ಒಂದೊಂದು ಹಾಡನ್ನು ಇಪ್ಪತ್ತು ಸಲ ಹಾಡಿ ಒಳ್ಳೆಯದನ್ನು ಆರಿಸುವುದು ಆಗದ ಮಾತು. ಹಲವು ತಿಂಗಳು ವೇದಿಕೆಯಲ್ಲಿ ನುಡಿಸಿ ಪಳಗಿದ ಹಾಡುಗಳನ್ನು ತಂದು ಹಾಗೇ ಇಳಿಸಿದರು.

ಹೆಡ್‌ಫೋನಿನಲ್ಲಿ ಕೇಳಿದರೆ ಗಿಟಾರ್ ತೆಳ್ಳಗೆ, ಚೂಪಾಗಿ ಇದೆ. ದನಿ ಕೆಲವು ಸಾಲಿನ ಕೊನೆಯಲ್ಲಿ ಸ್ವರದಿಂದ ಕೂದಲೆಳೆಯಷ್ಟು ಜಾರುತ್ತದೆ. ಇಂದಿನ ಸ್ಟುಡಿಯೋದವರು ಅದನ್ನು ಎರಡು ನಿಮಿಷದಲ್ಲಿ ಸರಿಮಾಡಿಬಿಡುತ್ತಾರೆ. ನನಗೆ ಮಾತ್ರ ಹದಿನೇಳರ ಹುಡುಗನ ಗಂಟಲು ಅಲ್ಲಿ ನಿಜವಾಗಿ ಕೇಳಿಸುತ್ತದೆ. ಒರಟುತನವೇ ಒಂದು ಗುಣ ಎಂದು ನಾನು ಹೇಳುವುದಿಲ್ಲ. ರಾಗ ಸಪ್ಪೆಯಾಗಿದ್ದರೆ ಒರಟು ರೆಕಾರ್ಡಿಂಗ್ ಬರೀ ತಲೆನೋವು. ಇಲ್ಲಿ ರಾಗ ಗಟ್ಟಿ ಇರುವುದರಿಂದ ನಡೆಯುತ್ತದೆ.

ಸಾಹಿತ್ಯದಲ್ಲಿ ಏನಾದ್ರೂ ಇದೆಯಾ, ಇಲ್ಲ ಬರೀ ಹುಡುಗಿ ಹುಡುಗಿ ಅಂತಾರಾ?

ಹುಡುಗಿಯರು ಬಹಳ ಇದ್ದಾರೆ. ಆದರೆ ಅವರನ್ನು ಗೆದ್ದ ಹಾಡು ಕಡಿಮೆ, ಮಾತಾಡಿಸಲು ಧೈರ್ಯ ಸಾಲದ ಹಾಡು ಹೆಚ್ಚು. ‘39/ಸ್ಮೂತ್’ನ ಮೊದಲ ಹಾಡು ‘ಅಟ್ ದ ಲೈಬ್ರರಿ’ ನಡೆಯುವುದು ಗ್ರಂಥಾಲಯದಲ್ಲಿ: ಒಬ್ಬಳು ಕೂತಿದ್ದಾಳೆ, ಇವನು ನೋಡುತ್ತಾನೆ, ಎದ್ದು ಹೋಗಿ ಮಾತಾಡುವ ಮುಂಚೆ ಅವಳು ಹೊರಟೇಹೋಗುತ್ತಾಳೆ. ಇಷ್ಟೇ ಕಥೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಅರಿಯದವರು ಯಾರು?

ಹುಡುಗಿಯರನ್ನು ಬಿಟ್ಟು ಬೇರೆಯವೂ ಇವೆ. ‘ಸ್ಲ್ಯಾಪಿ’ಯ ‘ವೈ ಡು ಯು ವಾಂಟ್ ಹಿಮ್’ ಬಿಲ್ಲಿ ಜೋ ಹದಿನಾಲ್ಕರ ವಯಸ್ಸಿನಲ್ಲಿ ಬರೆದದ್ದು. ಅಪ್ಪ ಹೋದ ಮೇಲೆ ಅಮ್ಮನ ಬಾಳಿಗೆ ಬಂದ ಮಲತಂದೆಯ ಕುರಿತು. ‘ರೋಡ್ ಟು ಆಕ್ಸೆಪ್ಟೆನ್ಸ್’ ಗುಂಪಿಗೆ ಸೇರಬೇಕೆಂಬ ತಹತಹದ ಬಗ್ಗೆ. ‘ಆ್ಯಂಡ್ರಾಯ್ಡ್’ ಹಾಡಿನಲ್ಲಿ, ಹೆಂಗಸರ ಚಪ್ಪಲಿ ಹಾಕಿಕೊಂಡ ಮುದುಕನೊಬ್ಬನನ್ನು ಕಂಡು ಹತ್ತೊಂಬತ್ತರ ಹುಡುಗ ನಾನೂ ಹೀಗೇ ಆಗುತ್ತೇನಾ ಎಂದು ಹೆದರುತ್ತಾನೆ. ಪದಗಳು ಸಾದಾ, ಪ್ರಾಸ ಕೆಲವೆಡೆ ಬಲವಂತದ್ದು. ಕಾವ್ಯ ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಯಾರಿಗೂ ತೋರಿಸದೆ ಬರೆದ ದಿನಚರಿ ಎಂದುಕೊಂಡು ಓದಿ.

ಹತ್ತು ಹಾಡು ಕೇಳಿದ್ರೂ ಒಂದೇ ಹಾಡು ಕೇಳಿದ ಹಾಗಿದೆ. ನಿಮಗೆ ಹಾಗನ್ನಿಸಲ್ವಾ?

‘39/ಸ್ಮೂತ್’ನ ಎರಡನೆಯ ಮಗ್ಗುಲಲ್ಲಿ ನನಗೂ ಅನ್ನಿಸುತ್ತದೆ. ಒಂದೇ ನಡೆ, ಒಂದೇ ಬಗೆಯ ಕಾರ್ಡುಗಳ ಸರಣಿ. ‘ಕರ್‌ಪ್ಲಂಕ್’ನಲ್ಲಿ ಹಾಗಿಲ್ಲ, ಮೆಲ್ಲಗೆ ಶುರುವಾಗಿ ಓಟಕ್ಕೆ ತಿರುಗುವ ಹಾಡಿದೆ, ಅಕೂಸ್ಟಿಕ್ ಗಿಟಾರಿನ ಹಾಡಿದೆ. ನನ್ನ ಸಲಹೆ: ಸಾಲಾಗಿ ಹತ್ತು ಕೇಳಬೇಡಿ. ಒಂದನ್ನೇ ಮೂರು ಸಲ ಕೇಳಿ. ಮೊದಲು ದನಿ, ಎರಡನೆಯ ಸಲ ಬೇಸ್, ಮೂರನೆಯ ಸಲ ಡ್ರಮ್ಸ್ ಮಾತ್ರ.

## ಹಣ, ಕಂಪನಿ, ಊರು

ಗಿಲ್ಮನ್ ಅಂತಾರಲ್ಲ, ಅದು ಬಾರಾ, ಕ್ಲಬ್ಬಾ? ಈಗಲೂ ಇದೆಯಾ?

ಬಾರ್ ಅಲ್ಲವೇ ಅಲ್ಲ, ಒಳಗೆ ಹೆಂಡಕ್ಕೆ ಪ್ರವೇಶವಿಲ್ಲ. ಬರ್ಕ್ಲಿಯ 924, ಗಿಲ್ಮನ್ ಸ್ಟ್ರೀಟ್. ಗೋದಾಮೊಂದರಲ್ಲಿ 1986ರ ಡಿಸೆಂಬರ್ 31ರ ರಾತ್ರಿ ಶುರುವಾದ, ಪಂಕ್ ತಂಡಗಳು ನುಡಿಸುವ ಜಾಗ. ಸಂಬಳದ ಮಾಲೀಕರಿಲ್ಲ, ಟಿಕೆಟ್ ಹರಿಯುವುದರಿಂದ ಗುಡಿಸುವವರೆಗೆ ಸ್ವಯಂಸೇವಕರೇ. ಎಲ್ಲ ವಯಸ್ಸಿನವರೂ ಬರಬಹುದು. ಜನಾಂಗದ್ವೇಷ, ಹೆಂಗಸರನ್ನು ಕೀಳಾಗಿ ಕಾಣುವುದು, ಸಲಿಂಗಿಗಳ ದ್ವೇಷ, ಹೊಡೆದಾಟ, ಯಾವುದೂ ನಡೆಯದು ಎಂದು ಗೋಡೆಯ ಮೇಲೇ ಬರೆದಿದ್ದಾರೆ. ಹದಿನಾರರ ಹುಡುಗ ಬಾರಿನ ವೇದಿಕೆ ಹತ್ತುವಂತಿಲ್ಲದ ದೇಶದಲ್ಲಿ ಇಂಥದೊಂದು ಜಾಗ ಇರದಿದ್ದರೆ ಈ ರೆಕಾರ್ಡುಗಳೇ ಇರುತ್ತಿರಲಿಲ್ಲ.

ಈಗಲೂ ಇದೆ. ಫ್ರೀಮಾಂಟ್, ಸನಿವೇಲ್ ಕಡೆ ಇರುವ ಕನ್ನಡದವರು ಒಮ್ಮೆ ಹೋಗಿಬನ್ನಿ: ಬಾರ್ಟ್ ರೈಲಿನಲ್ಲಿ ನಾರ್ತ್ ಬರ್ಕ್ಲಿ ನಿಲ್ದಾಣದಲ್ಲಿಳಿದು ಪಶ್ಚಿಮಕ್ಕೆ ಅರ್ಧ ಗಂಟೆ ನಡಿಗೆ. ಸದಸ್ಯತ್ವದ ಕಾರ್ಡು ಮಾಡಿಸಬೇಕು, ಕೆಲವೇ ಡಾಲರು. ನಾನು ಹೋದ ರಾತ್ರಿ ಬಾಗಿಲಲ್ಲಿ ಕೂತಿದ್ದ ಹುಡುಗಿ ಮುಂಗೈಗೆ ಶಾಯಿಯ ಮುದ್ರೆ ಒತ್ತಿದಳು, ಎರಡು ದಿನ ಹೋಗಲಿಲ್ಲ. ಕಿವಿಗೆ ಹತ್ತಿ ತೆಗೆದುಕೊಂಡು ಹೋಗಿ, ತಮಾಷೆಗೆ ಹೇಳುತ್ತಿಲ್ಲ.

ರೇಡಿಯೋ ಇಲ್ಲ, ಟಿ.ವಿ. ಇಲ್ಲ. ಜನರಿಗೆ ಗೊತ್ತಾಗಿದ್ದು ಹೇಗೆ?

ರಸ್ತೆಯ ಮೇಲೆ. 1990ರ ಬೇಸಿಗೆಯಲ್ಲಿ ವ್ಯಾನಿನಲ್ಲಿ ದೇಶ ಸುತ್ತಿದರು, ಸಿಕ್ಕವರ ಮನೆಯ ನೆಲದ ಮೇಲೆ ಮಲಗಿದರು. ಮಿನಿಯಾಪೊಲಿಸ್‌ನ ಸ್ಕೀನ್ ಎಂಬ ಇನ್ನೊಂದು ಪುಟ್ಟ ಕಂಪನಿ ಅವರ ಒಂದು ರೆಕಾರ್ಡು ಹೊರತಂದಿತು. ಆ ಊರಲ್ಲೇ ಬಿಲ್ಲಿ ಜೋ ಏಡ್ರಿಯನ್ ಎಂಬಾಕೆಯನ್ನು ಕಂಡ. ‘2000 ಲೈಟ್ ಇಯರ್ಸ್ ಅವೇ’ ಆ ದೂರದ ಅಳತೆ, 1994ರಲ್ಲಿ ಇಬ್ಬರೂ ಮದುವೆಯಾದರು. ಮುಂದೆ ಟ್ರೇ ಕೂಲ್‌ನ ಅಪ್ಪ ಹಳೆಯ ಸಂಚಾರಿ ಗ್ರಂಥಾಲಯದ ಬಸ್ಸೊಂದನ್ನು ಕೊಂಡು, ಪುಸ್ತಕದ ಗಾಡಿಯನ್ನು ತಂಡದ ಗಾಡಿ ಮಾಡಿ, ತಾನೇ ಓಡಿಸಿಕೊಂಡು ಹೊರಟರು. ಮಗನ ಡ್ರಮ್ಸ್ ಹಿಂದೆ, ಅಪ್ಪ ಸ್ಟೀರಿಂಗ್ ಮುಂದೆ. ನನಗೆ ಈ ಚಿತ್ರ ಬಹಳ ಪ್ರೀತಿಯದು.

ಬೆರಳಚ್ಚು ಮಾಡಿ ಜೆರಾಕ್ಸ್ ತೆಗೆದ ಪತ್ರಿಕೆಗಳು, ಕೈಯಿಂದ ಕೈಗೆ ದಾಟಿದ ಕ್ಯಾಸೆಟ್ಟುಗಳು ಉಳಿದದ್ದನ್ನು ಮಾಡಿದವು. ಹೀಗೆ ‘ಕರ್‌ಪ್ಲಂಕ್’ ಹತ್ತಾರು ಸಾವಿರ ಪ್ರತಿ ಖರ್ಚಾಯಿತು.

ಆಮೇಲೆ ದೊಡ್ಡ ಕಂಪನಿಗೆ ಹೋದ್ರಲ್ಲ, ಅದು ದ್ರೋಹ ಅಲ್ವಾ?

ಅವರ ಊರಿನ ಬಹಳ ಜನಕ್ಕೆ ಹಾಗೇ ಅನ್ನಿಸಿತು. 1993ರಲ್ಲಿ ವಾರ್ನರ್ ಬಳಗದ ರಿಪ್ರೈಸ್ ಜೊತೆ ಕರಾರಾಯಿತು, 1994ರ ಫೆಬ್ರವರಿ 1ರಂದು ‘ಡೂಕಿ’ ಬಂತು, ಅಮೆರಿಕವೊಂದರಲ್ಲೇ ಒಂದು ಕೋಟಿ ಪ್ರತಿ ದಾಟಿತು. ದೊಡ್ಡ ಕಂಪನಿಯ ತಂಡಗಳಿಗೆ ಗಿಲ್ಮನ್ ವೇದಿಕೆ ಇಲ್ಲ ಎಂಬುದು ಆಗ ಅಲ್ಲಿದ್ದ ನಿಯಮ. ತಾವು ಬೆಳೆದ ಜಾಗದ ಬಾಗಿಲು ಇವರಿಗೂ ಮುಚ್ಚಿತು. ಮತ್ತೆ ಆ ವೇದಿಕೆ ಹತ್ತಿದ್ದು 2015ರ ಮೇ 17ರಂದು, ಬೆಂಕಿಯಿಂದ ನಷ್ಟವಾದ ಪ್ರಕಾಶನ ಮತ್ತು ಮುದ್ರಣಾಲಯಕ್ಕೆ ನೆರವಿನ ಕಾರ್ಯಕ್ರಮಕ್ಕಾಗಿ.

ನಾನು ಇಬ್ಬರ ಪರವೂ ಮಾತಾಡುತ್ತೇನೆ. ನಿಯಮ ಮಾಡಿದವರು ತಮ್ಮ ಮನೆಯನ್ನು ಕಾಯ್ದುಕೊಂಡರು, ಅದಕ್ಕೇ ಆ ಮನೆ ಇನ್ನೂ ನಿಂತಿದೆ. ಹೋದ ಹುಡುಗರಲ್ಲಿ ಬಿಲ್ಲಿ ಜೋ ಊಟ ಬಡಿಸುವ ತಾಯಿಯ ಮಗ. ಹಾಡಿ ಬದುಕಬಹುದು ಎಂದು ಕಂಡಾಗ ಕೈಚಾಚಿದರು. ಆ ತಾಯಿಯ ದುಡಿಮೆ ಕಂಡವರು ಯಾರೂ ಅದನ್ನು ದ್ರೋಹ ಎನ್ನಲಾರರು.

ಲುಕೌಟ್ ಕಂಪನಿ ಏನಾಯ್ತು? ಆ ಹಾಡುಗಳು ಈಗ ಯಾರ ಕೈಲಿವೆ?

‘ಡೂಕಿ’ ಕೊಂಡವರೆಲ್ಲ ಹಳೆಯವನ್ನೂ ಹುಡುಕಿ ಕೊಂಡರು, ಲುಕೌಟ್‌ಗೆ ಹಣ ಹರಿದುಬಂತು. ವರ್ಷಗಳ ನಂತರ ಕಲಾವಿದರಿಗೆ ಸಲ್ಲಬೇಕಾದ ಗೌರವಧನ ಬಾಕಿ ಬಿತ್ತು. 2005ರಲ್ಲಿ ಗ್ರೀನ್ ಡೇ ತಮ್ಮ ಮೂಲ ಟೇಪುಗಳನ್ನು ವಾಪಸ್ಸು ಪಡೆದರು, 2007ರಲ್ಲಿ ಅಮೆರಿಕದಲ್ಲಿ ರಿಪ್ರೈಸ್ ಮರುಬಿಡುಗಡೆ ಮಾಡಿತು. ಲುಕೌಟ್ 2012ರಲ್ಲಿ ಬಾಗಿಲು ಹಾಕಿತು. ಸ್ವತಂತ್ರವಾಗಿ ಹುಟ್ಟಿದ ಈ ರೆಕಾರ್ಡುಗಳ ಮೇಲೆ ಇಂದು ದೊಡ್ಡ ಕಂಪನಿಯ ಹೆಸರಿರುವುದು ನನಗೆ ಸಂಕಟದ ವಿಷಯ. ಒಪ್ಪಿದ ಹಣ ಕೊಡದ ಕಂಪನಿ ಸಣ್ಣದಾದರೂ ಸರಿಯಲ್ಲ ಎಂಬುದೂ ಅಷ್ಟೇ ನಿಜ.

## ಬಹಳ ಸಲ ಕೇಳಿದವರಿಗೆ

ಡ್ರಮ್ಸ್‌ಗೆ ಕಿಫ್‌ಮೇಯರ್ ಮೇಲೋ, ಟ್ರೇ ಕೂಲೋ?

ಕೈಚಳಕದಲ್ಲಿ ಟ್ರೇ ಕೂಲ್, ಅನುಮಾನವೇ ಬೇಡ. ಅವನು ಹನ್ನೆರಡನೆಯ ವಯಸ್ಸಿಗೇ ಬೆಟ್ಟದ ಮೇಲಿನ ನೆರೆಯವರಾದ ಲಿವರ್ಮೋರ್ ಕಟ್ಟಿದ ತಂಡಕ್ಕೆ ಡ್ರಮ್ಸ್ ನುಡಿಸುತ್ತಿದ್ದವನು. ‘ಕರ್‌ಪ್ಲಂಕ್’ನಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವನು ಉರುಳಿಸುವ ಪೆಟ್ಟುಗಳನ್ನು ಗಮನಿಸಿ, ಹಾಡನ್ನು ಬಾಗಿಲಿನಿಂದಾಚೆ ತಳ್ಳಿದ ಹಾಗಿರುತ್ತದೆ. ಕಿಫ್‌ಮೇಯರ್ ಹೆಚ್ಚು ನೇರ, ಹೆಚ್ಚು ಕಚ್ಚಾ. ಆದರೆ ಅವರ ಪಾಲು ಡ್ರಮ್ಸ್‌ಗೆ ನಿಲ್ಲುವುದಿಲ್ಲ. ಹಿಂದೆ ‘ಐಸೊಕ್ರಸಿ’ ತಂಡದಲ್ಲಿದ್ದು ಜನರ ಪರಿಚಯ ಇದ್ದವರು ಅವರೇ, ಹುಡುಗರನ್ನು ಊರೂರಿಗೆ ದಾಟಿಸಿದವರೂ ಅವರೇ. ‘ಐ ವಾಸ್ ದೇರ್’ ಹಾಡಿನ ಸಾಹಿತ್ಯವೂ ಅವರದು. 2015ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವದ ಸಮಯದಲ್ಲಿ ಕ್ಲೀವ್‌ಲ್ಯಾಂಡ್‌ನ ವೇದಿಕೆಗೆ ಅವರನ್ನು ಕರೆದು ಹಳೆಯ ಹಾಡುಗಳನ್ನು ನುಡಿಸಿದರು. ಅದು ನನಗೆ ಸರಿ ಕಂಡಿತು.

‘ವೆಲ್‌ಕಮ್ ಟು ಪ್ಯಾರಡೈಸ್’ ಎರಡು ಸಲ ರೆಕಾರ್ಡ್ ಮಾಡಿದ್ದಾರಲ್ಲ, ಯಾವುದು ಮೇಲು?

1991ರದು, ನನ್ನ ಕಿವಿಗೆ. ‘ಡೂಕಿ’ಯಲ್ಲಿ ಬಂದದ್ದು ದಪ್ಪ, ಸ್ವಚ್ಛ, ಬೇಸಿನ ಒಂದೊಂದು ಸ್ವರವೂ ಎಣಿಸುವ ಹಾಗೆ ಕೇಳುತ್ತದೆ. ವಾದ್ಯವಷ್ಟೇ ನೋಡುವುದಾದರೆ ಅದೇ ಗೆಲ್ಲುತ್ತದೆ. ಆದರೆ ಹಾಡು ಏನು ಹೇಳುತ್ತಿದೆ ನೋಡಿ. ಮನೆ ಬಿಟ್ಟು ಓಕ್ಲೆಂಡಿನ ಹಾಳು ಗೋದಾಮೊಂದಕ್ಕೆ ಬಂದು ಸೇರಿದ ಹುಡುಗ ಅಮ್ಮನನ್ನು ಕೂಗಿ ಹೇಳುತ್ತಾನೆ. ಮೊದಲ ಚರಣದಲ್ಲಿ ಮನೆ ಬಿಟ್ಟು ಮೂರು ವಾರ, ಗೋಳಿಡುತ್ತಿದ್ದಾನೆ. ಎರಡನೆಯದರಲ್ಲಿ ಆರು ತಿಂಗಳು, ನಗುತ್ತಿದ್ದಾನೆ, ಆ ಹಾಳು ಬೀದಿಯೇ ಮನೆಯಾಗಿದೆ. ರಾಗ ಎರಡಕ್ಕೂ ಒಂದೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಮೊದಲ ತಿಂಗಳು ಕಳೆದ ಯಾರಿಗೂ ಇದರ ಅರ್ಥ ಬಿಡಿಸಬೇಕಾಗಿಲ್ಲ. ಹಳೆಯ ರೆಕಾರ್ಡಿಂಗಿನಲ್ಲಿ ದನಿ ವಾದ್ಯಗಳ ನಡುವೆ ತಳ್ಳಾಡಿಕೊಂಡು ಹೊರಗೆ ಬರುತ್ತದೆ. ಆ ಮೂರನೆಯ ವಾರ ಅದರಲ್ಲಿ ಇನ್ನೂ ಹಸಿಯಾಗಿದೆ.

ಇದೇ ರುಚಿಯ ಬೇರೆ ಮೂವರ ತಂಡ ಇದ್ರೆ ಹೇಳಿ.

ಹಿಂದಕ್ಕೆ ಹೋಗುವುದಾದರೆ ಮಿನೆಸೋಟದ ಹಸ್ಕರ್ ಡೂ: ಮೂವರೇ, ಇಬ್ಬರು ಹಾಡು ಬರೆಯುವವರು, ಅಬ್ಬರದ ಅಡಿಯಲ್ಲಿ ಅಪ್ಪಟ ರಾಗ. ಅದೇ ಕಾಲದವರು ಬೇಕಾದರೆ ಜಾಬ್ರೇಕರ್; ಅವರ 1994ರ ‘24 ಅವರ್ ರಿವೆಂಜ್ ಥೆರಪಿ’ಯ ಸಾಹಿತ್ಯ ಇವರದಕ್ಕಿಂತ ಬಹಳ ಮೇಲು. ಆ ಮೇಲಿನವರಲ್ಲಿ ಶಿಕಾಗೋದ ಆಲ್ಕಲೈನ್ ಟ್ರಿಯೋದ ಮೊದಲ ಆಲ್ಬಮ್, 1998. ನ್ಯೂಜೆರ್ಸಿಯ ದಿ ಎರ್ಗ್ಸ್‌ನಲ್ಲಿ ಹಾಡುವವನೇ ಡ್ರಮ್ಸ್ ನುಡಿಸುವವನು.

ಕೊಳ್ಳುವಾಗ ಏನು ನೋಡ್ಕೋಬೇಕು?

‘39/ಸ್ಮೂತ್’ ಎಂದು ಬರೆದ ಎಲ್.ಪಿ.ಯಲ್ಲಿ 10 ಹಾಡು, ‘1,039’ ಸಿ.ಡಿ.ಯಲ್ಲಿ ಎರಡು ಪುಟ್ಟ ರೆಕಾರ್ಡುಗಳ ಎಂಟು ಮತ್ತು ಇನ್ನೊಂದು ಬಿಡಿ ಹಾಡೂ ಸೇರಿ 19. ‘ಕರ್‌ಪ್ಲಂಕ್’ ಎಲ್.ಪಿ.ಯಲ್ಲಿ 12, ಸಿ.ಡಿ.ಯಲ್ಲಿ ಸ್ಕೀನ್‌ನ ನಾಲ್ಕೂ ಸೇರಿ 16. ಹಣ ಕಡಿಮೆ ಇದ್ದರೆ ಸಿ.ಡಿ. ಸಾಕು.

ಕ್ರಿಸ್ಟಿ ರೋಡ್ ಅನ್ನೋದು ನಿಜವಾಗಿ ಇದೆಯಾ? ಹೋಗಿದ್ದೀರಾ?

ಇದೆ. ಮಾರ್ಟಿನೆಜ್ ಊರಿನ ಹೊರಗೆ, ಹೈವೇ 4ರ ಹತ್ತಿರ, ಗುಡ್ಡದ ಬುಡದಲ್ಲಿ ರೈಲುಹಳಿ ಹಾಯ್ದ ಒಂದು ಸಣ್ಣ ರಸ್ತೆ. 1991ರ ಆಲ್ಬಮ್‌ನಲ್ಲಿ ಇದೇ ಹೆಸರಿನ ಹಾಡಿದೆ. ಆ ಹಾಡಿನ ಹುಡುಗ ಮನೆಯಲ್ಲಿ ಕಿಟಕಿ ನೋಡುತ್ತ ಕೂತು ಸಾಕಾಗಿ ಆ ಹಳಿಯ ಹತ್ತಿರ ಹೋಗುತ್ತಾನೆ, ಅಲ್ಲಿ ಹಗುರಾಗುತ್ತಾನೆ. ಹಾಡೂ ಮೊದಲು ನಿಧಾನವಾಗಿ ನಡೆದು ಕೊನೆಗೆ ಓಡತೊಡಗುತ್ತದೆ.

ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ನೋಡಲು ಏನೂ ಇಲ್ಲ: ಒಣಗಿದ ಹುಲ್ಲು, ತಂತಿಬೇಲಿ, ಜಲ್ಲಿ, ಬಿಸಿಲಿಗೆ ಎಣ್ಣೆ ವಾಸನೆ ಬಿಡುವ ಸ್ಲೀಪರುಗಳು. ಬೇಲಿಯ ಈಚೆ ನಿಂತು ಕಾರಿನ ಬಾಗಿಲು ತೆರೆದಿಟ್ಟು ಆ ಹಾಡು ಹಾಕಿದೆ. ಅರ್ಧ ಆಗುವಷ್ಟರಲ್ಲಿ ಗೂಡ್ಸ್ ರೈಲು ಬಂತು. ಹಾಡು ಪೂರ್ತಿ ಮುಳುಗಿಹೋಯಿತು. ಚಿಕ್ಕಂದಿನಲ್ಲಿ ಅರಸೀಕೆರೆಯಲ್ಲಿ ಮಾಡುತ್ತಿದ್ದ ಹಾಗೆ ಬೋಗಿ ಎಣಿಸುತ್ತ ನಿಂತೆ, ತೊಂಬತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಕೊನೆಯ ಬೋಗಿ ಹೋದಾಗ ಕಾರಿನಲ್ಲಿ ಮುಂದಿನ ಹಾಡು ಶುರುವಾಗಿತ್ತು. ಹಿಂದಕ್ಕೆ ಒತ್ತಿ ಮೊದಲಿಂದ ಕೇಳಿದೆ.